ಒಳಗಿನಿಂದ ಮೂಡುವ ಸುಧಾರಣೆ: ಅರಬ್ ಸಮಾಜಗಳ ಮಾನವ ಅಭಿವೃದ್ಧಿಯನ್ನು ಕುರಿತು

(ಕರಾವಳಿಯ ಓದುಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸವನ್ನು ವಿಸ್ತರಿಸಿ ಬರೆದದ್ದು)

ಮಾನ್ಯರೇ,

ಈ ಸಭೆಯಲ್ಲಿ ಕುಳಿತವರ ಪೈಕಿ ಅರಬ್ ದೇಶಗಳೊಂದಿಗೆ ಯಾವ ನಂಟೂ ಇಲ್ಲದ ಮನೆಯವರು ಕಡಿಮೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟೋ ಕುಟುಂಬಗಳಲ್ಲಿ ಹೊಸ ಮನೆ ಎದ್ದದ್ದು, ಮಕ್ಕಳ ಓದು ಸಾಗಿದ್ದು, ತಂಗಿಯರ ಮದುವೆ ನಡೆದದ್ದು ದುಬೈ, ದಮ್ಮಾಮ್, ಮಸ್ಕತ್, ಕುವೈತ್‌ಗಳಿಂದ ಬಂದ ದುಡಿಮೆಯ ಹಣದಿಂದ. ಇಷ್ಟು ಹತ್ತಿರದ ಸಂಬಂಧವಿದ್ದರೂ ಆ ಸಮಾಜಗಳ ಒಳಗೆ ನಡೆಯುವ ವಾದಗಳು ನಮ್ಮ ಕಿವಿಗೆ ಬೀಳುವುದಿಲ್ಲ. ಎಣ್ಣೆಯ ಬೆಲೆ, ಯುದ್ಧದ ಸುದ್ದಿ, ವೀಸಾದ ನಿಯಮ, ಇವು ಮೂರರಾಚೆಗೆ ಅರಬ್ ಜಗತ್ತನ್ನು ನಾವು ಓದಿಕೊಂಡದ್ದು ತೀರಾ ಸ್ವಲ್ಪ. ಅಲ್ಲಿಯ ಜನ ತಮ್ಮ ಸಮಾಜದ ಬಗ್ಗೆ ತಾವೇ ಏನು ಹೇಳಿಕೊಂಡಿದ್ದಾರೆ, ಯಾವುದನ್ನು ಬದಲಿಸಲು ಹೆಣಗಿದ್ದಾರೆ, ಆ ಹೆಣಗಾಟ ಎಲ್ಲಿ ಫಲಿಸಿತು, ಎಲ್ಲಿ ಮುರಿದುಬಿತ್ತು ಎಂಬುದನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

2002ರ ಜುಲೈಯಲ್ಲಿ ಕೈರೋದಲ್ಲಿ ಒಂದು ವರದಿ ಬಿಡುಗಡೆಯಾಯಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವೂ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಗಾಗಿ ಇರುವ ಅರಬ್ ನಿಧಿಯೂ ಸೇರಿ ಹೊರತಂದ ಮೊದಲ ಅರಬ್ ಮಾನವ ಅಭಿವೃದ್ಧಿ ವರದಿ ಅದು. ಜೋರ್ಡಾನಿನ ಮಾಜಿ ಉಪಪ್ರಧಾನಿ ರೀಮಾ ಖಲಾಫ್ ಹುನೈದಿ ಅದನ್ನು ಆಗುಮಾಡಿದವರು. ಈಜಿಪ್ಟಿನ ನಾದಿರ್ ಫರ್ಗಾನಿ ಅದರ ಮುಖ್ಯ ಲೇಖಕರು. ಬರೆದವರೆಲ್ಲ ಅರಬ್ ವಿದ್ವಾಂಸರೇ ಎಂಬುದು ಈ ವರದಿಯ ನಿಜವಾದ ತೂಕ. 22 ದೇಶಗಳ ಸುಮಾರು 28 ಕೋಟಿ ಜನರ ಬದುಕನ್ನು ಅಳೆದು ನೋಡಿದ ಅವರು ಮೊದಲು ಗಳಿಕೆಯನ್ನು ಒಪ್ಪಿಕೊಂಡರು: ಮೂರು ದಶಕಗಳಲ್ಲಿ ಸರಾಸರಿ ಆಯುಷ್ಯ 15 ವರ್ಷದಷ್ಟು ಏರಿತ್ತು, ಶಿಶುಮರಣ ಮೂರನೇ ಎರಡು ಭಾಗದಷ್ಟು ಇಳಿದಿತ್ತು. ಅದರ ಬೆನ್ನಿಗೇ ಕೊರತೆಯ ಲೆಕ್ಕವನ್ನೂ ಮುಚ್ಚುಮರೆಯಿಲ್ಲದೆ ಕೊಟ್ಟರು. ಓದುಬರಹ ಬಾರದ ವಯಸ್ಕರು ಆರೂವರೆ ಕೋಟಿ, ಅವರಲ್ಲಿ ಮೂರನೇ ಎರಡು ಪಾಲು ಹೆಂಗಸರು. ಸಂಸತ್ತುಗಳಲ್ಲಿ ಮಹಿಳೆಯರ ಪಾಲು ಶೇಕಡಾ 3.5. ಎಲ್ಲ ಅರಬ್ ದೇಶಗಳ 1999ರ ಒಟ್ಟು ಉತ್ಪನ್ನವನ್ನು ಕೂಡಿಸಿದರೂ ಅದು ಸ್ಪೇನ್ ಒಂದೇ ದೇಶದ ಉತ್ಪನ್ನಕ್ಕಿಂತ ಕಡಿಮೆ. ಈ ಪ್ರದೇಶದಲ್ಲಿ ಸಂಪತ್ತು ಬೆಳೆದಷ್ಟು ಅಭಿವೃದ್ಧಿ ಬೆಳೆದಿಲ್ಲ ಎಂದ ಲೇಖಕರು ಸ್ವಾತಂತ್ರ್ಯದ ಕೊರತೆ, ಮಹಿಳೆಯರ ಸಬಲೀಕರಣದ ಕೊರತೆ, ಜ್ಞಾನದ ಕೊರತೆ ಎಂಬ ಮೂರನ್ನು ಹೆಸರಿಟ್ಟು ಕರೆದರು.

ಮಾನವ ಅಭಿವೃದ್ಧಿ ಎಂಬ ಮಾತು ಆಗ ಇನ್ನೂ ಎಳೆಯದು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರ ಮುಂದಾಳತ್ವದಲ್ಲಿ, ಅಮರ್ತ್ಯ ಸೇನ್ ಅವರ ಚಿಂತನೆಯ ನೆರವಿನಿಂದ ವಿಶ್ವಸಂಸ್ಥೆಯ ಮೊದಲ ಮಾನವ ಅಭಿವೃದ್ಧಿ ವರದಿ ಬಂದದ್ದು 1990ರಲ್ಲಿ. ವರಮಾನವೊಂದನ್ನೇ ನೋಡದೆ ಆಯುಷ್ಯ ಮತ್ತು ಶಿಕ್ಷಣವನ್ನೂ ಸೇರಿಸಿ ಅಳೆಯಬೇಕು ಎಂಬ ಈ ದಾರಿಯನ್ನು ಕರ್ನಾಟಕ ಸರ್ಕಾರವೂ ಹಿಡಿದು 1999ರಲ್ಲಿ ತನ್ನ ಮೊದಲ ಮಾನವ ಅಭಿವೃದ್ಧಿ ವರದಿಯನ್ನು ಪ್ರಕಟಿಸಿತು. ಜಿಲ್ಲೆ ಜಿಲ್ಲೆಯ ಅಂತರ ನಮಗೆ ಅಂಕಿಗಳಲ್ಲಿ ಕಂಡದ್ದು ಆಗಲೇ. ಅರಬ್ ವರದಿಯನ್ನು ಬರೆದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಾತನಾಡುವ, ಸಂಘ ಕಟ್ಟುವ, ಆಳುವವರನ್ನು ಪ್ರಶ್ನಿಸುವ ಅವಕಾಶ ಈ ಸೂಚ್ಯಂಕದಲ್ಲಿ ಎಲ್ಲಿದೆ ಎಂದು ಕೇಳಿದರು. ವರಮಾನವನ್ನು ಕೈಬಿಟ್ಟು, ಸ್ವಾತಂತ್ರ್ಯವನ್ನೂ ಮಹಿಳೆಯರ ಪಾಲುಗಾರಿಕೆಯನ್ನೂ ಒಳಗೊಂಡ ಪರ್ಯಾಯ ಸೂಚ್ಯಂಕವೊಂದನ್ನು ಫರ್ಗಾನಿ ಕಟ್ಟಿಕೊಟ್ಟರು. ಆ ಲೆಕ್ಕದ ವಿಧಾನವನ್ನು ಒಪ್ಪದವರು ಅನೇಕರಿದ್ದರು. ಆದರೆ ಅವರು ಎತ್ತಿದ ಪ್ರಶ್ನೆ ಎಷ್ಟು ಸರಿಯಾಗಿತ್ತು ಎಂಬುದನ್ನು ಎಂಟು ವರ್ಷಗಳ ನಂತರ ಟುನೀಶಿಯದ ಬೀದಿಗಳು ತೋರಿಸಿದವು. ಅಲ್ಲಿಗೆ ಆಮೇಲೆ ಬರುತ್ತೇನೆ.

ವರದಿಯ ಎಲ್ಲ ಅಂಕಿಗಳೂ ಗಟ್ಟಿಯಾಗಿದ್ದವು ಎಂದು ನಾನು ಹೇಳಲಾರೆ. ಅರಬ್ ದೇಶಗಳು ವರ್ಷಕ್ಕೆ ಸುಮಾರು 330 ಪುಸ್ತಕಗಳನ್ನು ಮಾತ್ರ ಅನುವಾದಿಸುತ್ತವೆ, ಇದು ಗ್ರೀಸ್ ದೇಶದ ಐದನೇ ಒಂದು ಭಾಗ ಎಂಬ ವಾಕ್ಯ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಓಡಾಡಿತು. ಆ ಅಂಕಿ ಹಳೆಯದು, ಅದಕ್ಕೆ ಆಧಾರ ಸಾಲದು ಎಂದು ಆಮೇಲೆ ವಿದ್ವಾಂಸರು ತೋರಿಸಿದರು. ಇದನ್ನು ಹೇಳುವ ಕಾರಣವಿದೆ. ಒಂದು ಸಮಾಜ ತನ್ನನ್ನು ತಾನು ತೂಗಿ ನೋಡಿಕೊಳ್ಳಲು ಬಳಸಿದ ಅಂಕಿಯನ್ನು ಹೊರಗಿನವರು ಎತ್ತಿಕೊಂಡು ಆ ಸಮಾಜವನ್ನು ಹೀಯಾಳಿಸಲು ಬಳಸಿದಾಗ, ಅಂಕಿಯ ಒಳಗಿದ್ದ ಸಂಕಟ ಕಳೆದುಹೋಗುತ್ತದೆ. ಕೈರೋದಲ್ಲಿ 1995ರಿಂದಲೇ ಜಾಬಿರ್ ಅಸ್ಫೂರ್ ಅವರ ಮುಂದಾಳತ್ವದಲ್ಲಿ ರಾಷ್ಟ್ರೀಯ ಅನುವಾದ ಯೋಜನೆ ನಡೆಯುತ್ತಿತ್ತು ಎಂಬುದು ಆ ಪತ್ರಿಕೆಗಳಿಗೆ ಸುದ್ದಿಯಾಗಲಿಲ್ಲ.

ಈಗ 2004ಕ್ಕೆ ಬರೋಣ. ಇರಾಕಿನ ಮೇಲೆ ಅಮೆರಿಕ ದಾಳಿ ಮಾಡಿ ಒಂದು ವರ್ಷವಾಗುತ್ತ ಬಂದಿತ್ತು. ಲಂಡನ್ನಿನಿಂದ ಹೊರಡುತ್ತಿದ್ದ ಅಲ್ ಹಯಾತ್ ಎಂಬ ಅರಬ್ಬೀ ಪತ್ರಿಕೆಯಲ್ಲಿ ಆ ವರ್ಷದ ಫೆಬ್ರವರಿಯಲ್ಲಿ ಒಂದು ಕರಡು ಪ್ರಕಟವಾಯಿತು. ಶ್ರೀಮಂತ ರಾಷ್ಟ್ರಗಳ ಜಿ-8 ಸಮ್ಮೇಳನದ ಮುಂದಿಡಲೆಂದು ಅಮೆರಿಕ ಸಿದ್ಧಪಡಿಸಿದ್ದ ‘ಬೃಹತ್ ಮಧ್ಯಪ್ರಾಚ್ಯ’ ಯೋಜನೆ ಅದು. ಅರಬ್ ವರದಿಯ ಅಂಕಿಗಳೂ ಆ ಮೂರು ಕೊರತೆಗಳೂ ಅದರಲ್ಲಿದ್ದವು. ತಮ್ಮ ಜನರಿಗಾಗಿ ತಾವು ಬರೆದ ಆತ್ಮವಿಮರ್ಶೆ ಹೊರಗಿನ ಶಕ್ತಿಯೊಂದರ ಹಸ್ತಕ್ಷೇಪಕ್ಕೆ ಸಮರ್ಥನೆಯಾಗುವುದನ್ನು ಕಂಡು ವರದಿಯ ಲೇಖಕರೇ ಕೆರಳಿದರು; ಫರ್ಗಾನಿ ಅದನ್ನು ಬಹಿರಂಗವಾಗಿ ಖಂಡಿಸಿ ಬರೆದರು. ಆದರೆ ಅದೇ ಹೊತ್ತಿಗೆ ಬೇರೊಂದು ದಿಕ್ಕಿನಿಂದಲೂ ಪ್ರತಿಭಟನೆ ಎದ್ದಿತು. ಈಜಿಪ್ಟಿನ ಅಧ್ಯಕ್ಷ ಹೊಸ್ನಿ ಮುಬಾರಕ್ ಮುಂತಾದ ಆಳುವವರು, ಸುಧಾರಣೆ ಹೊರಗಿನಿಂದ ಹೇರುವಂಥದ್ದಲ್ಲ, ಒಳಗಿನಿಂದ ಬರಬೇಕಾದದ್ದು ಎಂದು ಸಾರಿದರು. ಆ ಮಾತು ಸತ್ಯವೇ. ಆದರೆ ಒಳಗಿನಿಂದ ಯಾರಾದರೂ ಸುಧಾರಣೆ ಕೇಳಿದಾಗ ಅದೇ ಆಳುವವರು ಮಾಡಿದ್ದೇನು? 1981ರಿಂದ ಈಜಿಪ್ಟಿನಲ್ಲಿ ತುರ್ತುಪರಿಸ್ಥಿತಿಯ ಕಾನೂನು ಬಿಡುವಿಲ್ಲದೆ ಜಾರಿಯಲ್ಲಿತ್ತು.

ನನ್ನ ಇಡೀ ಮಾತಿನ ತಿರುಳು ಇಲ್ಲಿದೆ. ‘ಒಳಗಿನಿಂದ’ ಎಂಬ ಶಬ್ದವನ್ನು ಎರಡು ಬಗೆಯ ಜನ ಬಳಸುತ್ತಾರೆ. ತಮ್ಮ ಭಾಷೆಯಲ್ಲಿ, ತಮ್ಮ ಧರ್ಮ-ಸಂಪ್ರದಾಯದ ಒಳಗೆ ನಿಂತು, ಪೆಟ್ಟು ತಿಂದು, ಪುಸ್ತಕ ಬರೆದು, ಸಹಿ ಸಂಗ್ರಹಿಸಿ ಬದಲಾವಣೆ ಕೇಳಿದವರು ಒಂದು ಕಡೆ. ಅವರ ಬಾಯಿ ಮುಚ್ಚಿಸಿ, ಹೊರಗಿನವರ ಮುಂದೆ ಮಾತ್ರ ಸ್ವಾಭಿಮಾನದ ಮಾತಾಡುವವರು ಇನ್ನೊಂದು ಕಡೆ. ಮೊದಲನೆಯವರ ಮಾತನ್ನು ಎರಡನೆಯವರು ಕಸಿದುಕೊಂಡದ್ದು ಅರಬ್ ಸುಧಾರಣೆಯ ದೊಡ್ಡ ದುಃಖ. 2004ರ ಮಾರ್ಚಿನಲ್ಲಿ ಅಲೆಕ್ಸಾಂಡ್ರಿಯ ಗ್ರಂಥಾಲಯದಲ್ಲಿ ಅರಬ್ ನಾಗರಿಕ ಸಂಘಟನೆಗಳು ಸೇರಿ ಸುಧಾರಣೆಯ ಘೋಷಣೆಯೊಂದನ್ನು ಹೊರಡಿಸಿದವು. ಮೇ ತಿಂಗಳಲ್ಲಿ ಟೂನಿಸ್‌ನಲ್ಲಿ ಸೇರಿದ ಅರಬ್ ಲೀಗ್, ಅಂದರೆ ಅರಬ್ ಸರ್ಕಾರಗಳ ಒಕ್ಕೂಟ, ಕೂಡ ಸುಧಾರಣೆಯ ಮಾತನ್ನೇ ಆಡಿತು. ಕಾಗದದ ಮೇಲೆ ಎರಡೂ ಒಂದೇ ಬಗೆಯವು. ಸ್ವಾತಂತ್ರ್ಯವನ್ನೇ ವಿಷಯವಾಗಿಟ್ಟುಕೊಂಡ ಮೂರನೆಯ ಅರಬ್ ವರದಿ ಮಾತ್ರ ತಿಂಗಳುಗಟ್ಟಲೆ ತಡೆಹಿಡಿಯಲ್ಪಟ್ಟು 2005ರ ಏಪ್ರಿಲ್‌ನಲ್ಲಿ ಅಮ್ಮಾನ್‌ನಲ್ಲಿ ಹೊರಬಂತು. ಇರಾಕ್ ಮತ್ತು ಪ್ಯಾಲೆಸ್ಟೀನ್‌ಗಳ ಮೇಲಿನ ಆಕ್ರಮಣದ ಬಗೆಗಿನ ಮಾತು ಅಮೆರಿಕಕ್ಕೆ ಹಿಡಿಸಲಿಲ್ಲ, ಆಳ್ವಿಕೆಯ ಬಗೆಗಿನ ಮಾತು ಈಜಿಪ್ಟ್ ಸರ್ಕಾರಕ್ಕೆ ಹಿಡಿಸಲಿಲ್ಲ ಎಂದು ಆಗ ಸುದ್ದಿಯಾಗಿತ್ತು. ಅರಬ್ ರಾಜ್ಯವ್ಯವಸ್ಥೆಯನ್ನು ಆ ವರದಿ ಕಪ್ಪುರಂಧ್ರಕ್ಕೆ ಹೋಲಿಸಿತ್ತು: ಅಧಿಕಾರವೆಲ್ಲ ಒಂದೇ ಬಿಂದುವಿಗೆ ಸೆಳೆದುಕೊಂಡು, ಸುತ್ತಲಿನ ಸಮಾಜದಲ್ಲಿ ಏನೂ ಕದಲದ ಸ್ಥಿತಿ.

ಆದರೆ ಸುಧಾರಣೆಯ ಕಥೆ 2002ರಲ್ಲಿ ಶುರುವಾದದ್ದಲ್ಲ. ಅದರ ಬೇರನ್ನು ನೋಡಲು ಟುನೀಶಿಯಕ್ಕೆ ಹೋಗಬೇಕು. ಆ ಪುಟ್ಟ ದೇಶದ ಅರಸ ಅಹ್ಮದ್ ಬೇ 1846ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ. ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಅದನ್ನು ಕೊನೆಗಾಣಿಸಿದ್ದು ಅದಾಗಿ ಎರಡು ವರ್ಷಕ್ಕೆ, ಅಮೆರಿಕ 1865ರಲ್ಲಿ. ಯುರೋಪಿನ ಒತ್ತಡವೂ ಇತ್ತು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೂ ಅರಸ ತನ್ನ ತೀರ್ಮಾನಕ್ಕೆ ಕಾರಣ ಕೊಟ್ಟದ್ದು ಧರ್ಮಶಾಸ್ತ್ರದ ಭಾಷೆಯಲ್ಲಿ, ಅದನ್ನು ಮುಂದಿಟ್ಟದ್ದು ತನ್ನ ನಾಡಿನ ಧರ್ಮಪಂಡಿತರ ಎದುರು. 1861ರಲ್ಲಿ ಅರಬ್ ಜಗತ್ತಿನ ಮೊದಲ ಲಿಖಿತ ಸಂವಿಧಾನ ಬಂದದ್ದೂ ಇಲ್ಲಿಯೇ. ಆ ಕಾಲದ ದೊಡ್ಡ ಸುಧಾರಕ ಖೈರುದ್ದೀನ್ ಪಾಷಾ ಕಾಕಸಸ್ ಸೀಮೆಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಗುಲಾಮನಾಗಿ ಮಾರಾಟವಾಗಿ, ಟೂನಿಸ್‌ನ ಅರಮನೆ ಸೇರಿ, 1873ರಲ್ಲಿ ಪ್ರಧಾನಿಯಾದವರು. ಆಳುವವನ ಅಧಿಕಾರಕ್ಕೆ ಕಾನೂನಿನ ಕಟ್ಟು ಇರಬೇಕು, ಬೇರೆಯವರಲ್ಲಿ ಒಳ್ಳೆಯದಿದ್ದರೆ ಅದನ್ನು ಪಡೆಯುವುದಕ್ಕೆ ಧರ್ಮ ಅಡ್ಡಬರುವುದಿಲ್ಲ ಎಂದು 1867ರಲ್ಲಿ ಗ್ರಂಥ ಬರೆದರು. 1875ರಲ್ಲಿ ಹಳೆಯ ವಿದ್ಯೆಯ ಜೊತೆ ಗಣಿತ, ವಿಜ್ಞಾನ, ಯುರೋಪಿನ ಭಾಷೆಗಳನ್ನು ಕಲಿಸುವ ಸಾದಿಕಿ ಕಾಲೇಜನ್ನು ಸ್ಥಾಪಿಸಿದರು. ಈ ಸುಧಾರಣೆಯ ಕತ್ತು ಹಿಸುಕಿದ್ದು ಸಾಲ. ಅರಮನೆಯ ದುಂದುವೆಚ್ಚಕ್ಕಾಗಿ ಯುರೋಪಿನ ಬ್ಯಾಂಕುಗಳಿಂದ ಎತ್ತಿದ ಸಾಲ ತೀರಿಸಲು ರೈತರ ಮೇಲೆ ತೆರಿಗೆ ಹೆಚ್ಚಿಸಿದರು. 1864ರಲ್ಲಿ ದಂಗೆ ಎದ್ದಿತು, ಸಂವಿಧಾನ ಅಮಾನತಾಯಿತು. 1869ರಲ್ಲಿ ಬೊಕ್ಕಸ ವಿದೇಶಿಯರ ಮೇಲ್ವಿಚಾರಣೆಗೆ ಹೋಯಿತು. 1881ರಲ್ಲಿ ಫ್ರೆಂಚ್ ಸೇನೆ ಬಂತು. ಅರಬರಲ್ಲಿ ಸುಧಾರಣೆಯ ಮನಸ್ಸೇ ಇರಲಿಲ್ಲ ಎನ್ನುವವರು ಈ ಇಸವಿಗಳನ್ನು ಒಮ್ಮೆ ಸಾಲಾಗಿ ಓದಬೇಕು.

ಇದೇ ಮಣ್ಣಿನಲ್ಲಿ 1899ರಲ್ಲಿ ತಾಹಿರ್ ಹದ್ದಾದ್ ಹುಟ್ಟಿದರು. ಝೈತೂನ ಎಂಬ ಪ್ರಾಚೀನ ಧರ್ಮವಿದ್ಯಾಪೀಠದಲ್ಲಿ ಓದಿದವರು. 1924ರಲ್ಲಿ ಟುನೀಶಿಯದ ಮೊದಲ ಸ್ವಂತ ಕಾರ್ಮಿಕ ಸಂಘ ಕಟ್ಟಿದವರ ಜೊತೆಗಿದ್ದವರು. 1930ರಲ್ಲಿ ಅವರು ಶರೀಅತ್ ಮತ್ತು ಸಮಾಜದಲ್ಲಿ ಹೆಣ್ಣಿನ ಸ್ಥಾನವನ್ನು ಕುರಿತು ಪುಸ್ತಕ ಬರೆದರು. ಧರ್ಮ ತಂದದ್ದು ಬೇರೆ, ಧರ್ಮ ಯಾವುದಕ್ಕಾಗಿ ಬಂದಿತೋ ಅದು ಬೇರೆ ಎಂಬುದು ಅವರ ವಾದ. ಗುಲಾಮಗಿರಿಯನ್ನು ಇಸ್ಲಾಮ್ ಒಂದೇ ಏಟಿಗೆ ನಿಲ್ಲಿಸಲಿಲ್ಲ, ಆದರೆ ಅದರ ನಡೆ ಬಿಡುಗಡೆಯ ಕಡೆಗಿತ್ತು. ಹೆಣ್ಣಿನ ವಿಷಯದಲ್ಲೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಸಮಾನತೆಯ ಕಡೆಗೆ ಸಾಗಬೇಕು ಎಂದರು. ಅಹ್ಮದ್ ಬೇ 1846ರಲ್ಲಿ ಆಡಿದ ಮಾತಿನ ಎಳೆ ಇಲ್ಲಿ ಮುಂದುವರಿದಿರುವುದನ್ನು ಗಮನಿಸಿ. ಝೈತೂನದ ಪಂಡಿತರು ಹದ್ದಾದರನ್ನು ಧರ್ಮದ್ರೋಹಿ ಎಂಬಂತೆ ಕಂಡರು, ಬದುಕಿನ ದಾರಿಗಳನ್ನು ಮುಚ್ಚಿದರು. 1935ರಲ್ಲಿ ಅವರು ಒಂಟಿಯಾಗಿ ತೀರಿಕೊಂಡರು. ಸ್ವಾತಂತ್ರ್ಯ ಬಂದು ಐದು ತಿಂಗಳೂ ಕಳೆಯದೆ, 1956ರ ಆಗಸ್ಟ್ 13ರಂದು, ಹಬೀಬ್ ಬುರ್ಗೀಬಾ ಸರ್ಕಾರ ಹೊರಡಿಸಿದ ಕುಟುಂಬ ಕಾನೂನು ಬಹುಪತ್ನಿತ್ವವನ್ನು ನಿಷೇಧಿಸಿತು, ಮದುವೆಗೆ ಹೆಣ್ಣಿನ ಒಪ್ಪಿಗೆಯನ್ನು ಕಡ್ಡಾಯ ಮಾಡಿತು, ಬಾಯಿಮಾತಿನ ತಲಾಖನ್ನು ಕೊನೆಗೊಳಿಸಿ ವಿಚ್ಛೇದನವನ್ನು ನ್ಯಾಯಾಲಯಕ್ಕೆ ಒಪ್ಪಿಸಿತು. ಹದ್ದಾದ್ ಕೇಳಿದ್ದರಲ್ಲಿ ಬಹುಪಾಲು ಅದರಲ್ಲಿತ್ತು.

ಅದು ದೊಡ್ಡ ಗಳಿಕೆ. ಆದರೆ ಅದರೊಂದಿಗೆ ಇನ್ನೊಂದು ಪಾಠವೂ ಇದೆ. ಆ ಕಾನೂನು ಮೇಲಿನಿಂದ ಬಂತು. ಅದನ್ನು ಕೊಟ್ಟವರು ಪತ್ರಿಕೆ, ಸಂಘ, ಚುನಾವಣೆಗಳನ್ನು ತಮ್ಮ ಮುಷ್ಟಿಯಲ್ಲೇ ಇಟ್ಟುಕೊಂಡರು. ಬುರ್ಗೀಬಾ ಆಜೀವ ಅಧ್ಯಕ್ಷರೆಂದು ಘೋಷಿತರಾದರು, 1987ರಲ್ಲಿ ಅವರನ್ನು ಕೆಳಗಿಳಿಸಿದ ಬೆನ್ ಅಲಿ 23 ವರ್ಷ ಆಳಿದರು. ಮಹಿಳೆಯರ ಹಕ್ಕು ಎಂಬುದು ಹೊರದೇಶಗಳಿಗೆ ತೋರಿಸುವ ಚೆಂದದ ಮುಖವಾಯಿತು. 2010ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆ ತನ್ನ ಮಾನವ ಅಭಿವೃದ್ಧಿ ವರದಿಯ 20ನೇ ವರ್ಷದ ಸಂಚಿಕೆ ಹೊರತಂದಿತು. 1970ರಿಂದ 40 ವರ್ಷಗಳಲ್ಲಿ ಅತ್ಯಂತ ವೇಗವಾಗಿ ಮುಂದೆ ಬಂದ ಹತ್ತು ದೇಶಗಳ ಪಟ್ಟಿಯಲ್ಲಿ ಐದು ಅರಬ್ ದೇಶಗಳಿದ್ದವು: ಒಮಾನ್, ಸೌದಿ ಅರೇಬಿಯ, ಟುನೀಶಿಯ, ಅಲ್ಜೀರಿಯ, ಮೊರಾಕೊ. ಮೊದಲ ಸ್ಥಾನವೇ ಒಮಾನಿನದು. 1970ರಲ್ಲಿ ಅಲ್ಲಿ ಇದ್ದದ್ದು ಮೂರೇ ಮೂರು ಶಾಲೆಗಳು, ಸುಮಾರು 900 ಹುಡುಗರು, ಒಬ್ಬಳೂ ಹುಡುಗಿಯಿಲ್ಲ. ಅಂಥಲ್ಲಿಂದ ಒಂದು ತಲೆಮಾರಿನಲ್ಲಿ ಬಂದ ದೂರ ನಿಜಕ್ಕೂ ದೊಡ್ಡದು. ಎಣ್ಣೆಯ ಹಣವಷ್ಟೇ ಇದನ್ನು ಮಾಡಲಿಲ್ಲ, ಆ ಹಣವನ್ನು ಶಾಲೆಗೂ ಆಸ್ಪತ್ರೆಗೂ ತೊಡಗಿಸಿದ ತೀರ್ಮಾನ ಮಾಡಿತು. ಎಣ್ಣೆಯ ದೊಡ್ಡ ಸಂಪತ್ತಿಲ್ಲದ ಟುನೀಶಿಯ ಮತ್ತು ಮೊರಾಕೊ ಆ ಪಟ್ಟಿಯಲ್ಲಿರುವುದೇ ಇದಕ್ಕೆ ಸಾಕ್ಷಿ.

ಆ ಪಟ್ಟಿ ಹೊರಬಂದು ಆರು ವಾರ ಕಳೆಯುವಷ್ಟರಲ್ಲಿ, 2010ರ ಡಿಸೆಂಬರ್ 17ರಂದು, ಟುನೀಶಿಯದ ಒಳನಾಡಿನ ಸೀದಿ ಬೂಝೀದ್ ಎಂಬ ಊರಿನಲ್ಲಿ ಮೊಹಮ್ಮದ್ ಬುಅಝೀಝಿ ಎಂಬ ತಳ್ಳುಗಾಡಿಯ ಹಣ್ಣು-ತರಕಾರಿ ವ್ಯಾಪಾರಿ ಮೈಗೆ ಬೆಂಕಿ ಹಚ್ಚಿಕೊಂಡರು. ಅಧಿಕಾರಿಗಳು ಅವರ ಸರಕನ್ನೂ ತಕ್ಕಡಿಯನ್ನೂ ಕಿತ್ತುಕೊಂಡಿದ್ದರು, ದೂರು ಹೇಳಲು ಹೋದರೆ ಕೇಳುವವರಿರಲಿಲ್ಲ. ನಾಲ್ಕೇ ವಾರಗಳಲ್ಲಿ ಬೆನ್ ಅಲಿ ದೇಶ ಬಿಟ್ಟು ಓಡಿದರು. ಸೂಚ್ಯಂಕದ ಪ್ರಕಾರ ಎಲ್ಲವೂ ಏರುಮುಖದಲ್ಲಿದ್ದ ದೇಶ ಅದು. ಶಾಲೆ ಇತ್ತು, ಆಸ್ಪತ್ರೆ ಇತ್ತು, ಪದವಿಯೂ ಇತ್ತು. ಪದವಿಗೆ ತಕ್ಕ ಕೆಲಸವಿರಲಿಲ್ಲ, ಒಳನಾಡಿನ ಊರುಗಳಿಗೆ ಪಾಲಿರಲಿಲ್ಲ, ಅನ್ಯಾಯವಾದರೆ ಕೇಳಲು ಬಾಯಿರಲಿಲ್ಲ. ಬೆನ್ ಅಲಿ ಕುಟುಂಬದ ನಂಟಿದ್ದ 220 ಕಂಪನಿಗಳು ದೇಶದ ಖಾಸಗಿ ವಲಯದ ಲಾಭದಲ್ಲಿ ಶೇಕಡಾ 21ರಷ್ಟನ್ನು ಬಾಚಿಕೊಳ್ಳುತ್ತಿದ್ದವು ಎಂದು ವಿಶ್ವಬ್ಯಾಂಕಿನ ಅಧ್ಯಯನ 2014ರಲ್ಲಿ ಹೇಳಿತು. ಅದೇ ಬ್ಯಾಂಕು ಅದಕ್ಕೆ ಮುಂಚೆ ಟುನೀಶಿಯವನ್ನು ಇತರರಿಗೆ ಮಾದರಿಯೆಂದು ಹೊಗಳುತ್ತಿತ್ತು. ಸ್ವಾತಂತ್ರ್ಯ ಸೂಚ್ಯಂಕದಲ್ಲಿ ಎಲ್ಲಿದೆ ಎಂದು ಫರ್ಗಾನಿ 2002ರಲ್ಲಿ ಕೇಳಿದ್ದು ಇದಕ್ಕೇ.

ಕೊಲ್ಲಿ ರಾಷ್ಟ್ರಗಳ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಬೇಕು, ಏಕೆಂದರೆ ಅದು ನಮ್ಮ ಮನೆಗಳ ವಿಷಯ. ಯುಎಇಯಂಥ ದೇಶ ಮಾನವ ಅಭಿವೃದ್ಧಿಯಲ್ಲಿ ಅತಿ ಎತ್ತರದ ಗುಂಪಿನಲ್ಲಿದೆ. ಅಲ್ಲಿ ವಾಸಿಸುವ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೊರದೇಶದವರು. ಕೆಲಸಗಾರನ ವೀಸಾವನ್ನು ಒಬ್ಬ ಮಾಲೀಕನಿಗೆ ಕಟ್ಟಿಹಾಕುವ ಕಫಾಲ ಪದ್ಧತಿಯಲ್ಲಿ ದುಡಿದ ನಮ್ಮ ಅಣ್ಣತಮ್ಮಂದಿರಿಗೆ, ಮನೆಗೆಲಸಕ್ಕೆ ಹೋದ ಅಕ್ಕತಂಗಿಯರಿಗೆ ಆ ಎತ್ತರದಲ್ಲಿ ಎಷ್ಟು ಪಾಲು ಸಿಕ್ಕಿತು ಎಂಬುದನ್ನು ಸೂಚ್ಯಂಕ ಹೇಳುವುದಿಲ್ಲ. 2020ರಲ್ಲಿ ಕತಾರ್, ಹಳೆಯ ಮಾಲೀಕನ ಒಪ್ಪಿಗೆಯಿಲ್ಲದೆಯೂ ಕೆಲಸ ಬದಲಿಸಬಹುದು ಎಂದು ಕಾನೂನು ತಂದಿತು. 2021ರಲ್ಲಿ ಸೌದಿ ಅರೇಬಿಯ ಕೂಡ ನಿಯಮಗಳನ್ನು ಸ್ವಲ್ಪ ಸಡಿಲಿಸಿತು. ಆದರೆ ಸೌದಿಯ ಆ ಬದಲಾವಣೆಯ ಹೊರಗೆ ಉಳಿದವರು ಮನೆಗೆಲಸದವರು. ಸಂಘ ಕಟ್ಟುವ ಹಕ್ಕಿಲ್ಲದವರ ಪರವಾಗಿ ಒಳಗಿನಿಂದ ಕೇಳುವವರು ಯಾರು ಎಂಬ ಪ್ರಶ್ನೆ ಇಲ್ಲಿ ಬಹಳ ಕಠಿಣವಾದದ್ದು.

ಟುನೀಶಿಯದಲ್ಲಾದರೋ ಅಂಥ ಸಂಘಗಳಿದ್ದವು. 2012ರಲ್ಲಿ ಹೊಸ ಸಂವಿಧಾನದ ಕರಡಿನಲ್ಲಿ ಹೆಣ್ಣನ್ನು ಗಂಡಿಗೆ ಪೂರಕ ಎಂದು ಬರೆದಾಗ, 1956ರ ಕಾನೂನಿನ ವಾರ್ಷಿಕ ದಿನವಾದ ಆಗಸ್ಟ್ 13ರಂದೇ ಸಾವಿರಾರು ಹೆಂಗಸರು ಟೂನಿಸ್‌ನ ಬೀದಿಗಿಳಿದರು. ಆ ಶಬ್ದ ಹೊರಟುಹೋಯಿತು. ಮೇಲಿನಿಂದ ಬಂದ ಹಕ್ಕು ಅಷ್ಟರಲ್ಲಿ ಅವರದೇ ಆಗಿತ್ತು. 2013ರಲ್ಲಿ ಇಬ್ಬರು ರಾಜಕೀಯ ನಾಯಕರ ಹತ್ಯೆಯಾಗಿ ದೇಶ ಒಡೆಯುವ ಹಂತಕ್ಕೆ ಬಂದಾಗ ಕಾರ್ಮಿಕರ ಒಕ್ಕೂಟ, ಉದ್ಯಮಿಗಳ ಸಂಘ, ಮಾನವ ಹಕ್ಕುಗಳ ಸಂಘ, ವಕೀಲರ ಸಂಘ ಸೇರಿ ಪಕ್ಷಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿದವು. 2014ರ ಜನವರಿ 26ರಂದು 216 ಸದಸ್ಯರಲ್ಲಿ 200 ಮಂದಿಯ ಒಪ್ಪಿಗೆಯೊಂದಿಗೆ ಸಂವಿಧಾನ ಅಂಗೀಕಾರವಾಯಿತು; ಆ ನಾಲ್ಕು ಸಂಘಗಳಿಗೆ 2015ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಇಷ್ಟೆಲ್ಲ ಆದರೂ ಒಳನಾಡಿನಲ್ಲಿ ಕೆಲಸ ಹುಟ್ಟಲಿಲ್ಲ, ಬೆಲೆ ಏರಿತು, ಸಂಸತ್ತಿನ ಜಗಳ ಮುಗಿಯಲಿಲ್ಲ. 2021ರ ಜುಲೈ 25ರಂದು ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಅಮಾನತು ಮಾಡಿದಾಗ ಅದನ್ನು ಸಂಭ್ರಮಿಸಿ ಬೀದಿಗೆ ಬಂದವರೂ ಟುನೀಶಿಯನ್ನರೇ. ಮರುವರ್ಷ ಅಧ್ಯಕ್ಷರ ಕೈಗೆ ಅಧಿಕಾರ ಸುರಿದ ಹೊಸ ಸಂವಿಧಾನ ಬಂತು. ಮತ ಹಾಕಿದವರು ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಅನ್ನದ ಪ್ರಶ್ನೆಯನ್ನು ಬಿಟ್ಟು ಸ್ವಾತಂತ್ರ್ಯವನ್ನು ಮಾತ್ರ ನೋಡಿದ್ದಕ್ಕೆ ತೆತ್ತ ಬೆಲೆ ಇದು ಎಂದು ನನಗನ್ನಿಸುತ್ತದೆ. ಸ್ವಾತಂತ್ರ್ಯವನ್ನು ಬಿಟ್ಟು ಅನ್ನವನ್ನು ಮಾತ್ರ ನೋಡಿದ ಬೆನ್ ಅಲಿಯ ಕಾಲ ಹೇಗೆ ಮುಗಿಯಿತೆಂದು ಆಗಲೇ ಹೇಳಿದ್ದೇನೆ.

ಕೊನೆಯದಾಗಿ ಮೊರಾಕೊದ ಕುಟುಂಬ ಕಾನೂನಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅಲ್ಲಿ ಮುದವ್ವನ ಎಂದು ಕರೆಯುವ ಈ ಕಾನೂನು 1957-58ರಲ್ಲಿ ರೂಪುಗೊಂಡಿತು. ಗಂಡ ಹೆಂಡತಿಯನ್ನು ಸಾಕಬೇಕು, ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು ಎಂಬುದು ಅದರ ಅಡಿಪಾಯ. ಹುಡುಗಿಯ ಮದುವೆಯ ವಯಸ್ಸು 15. ಪ್ರಾಯಕ್ಕೆ ಬಂದ ಹೆಣ್ಣೂ ವಲಿಯ, ಅಂದರೆ ಗಂಡು ಪೋಷಕನ, ಮೂಲಕವೇ ಮದುವೆಯಾಗಬೇಕು. ಇದು ದೇವರ ಕಾನೂನು, ಮುಟ್ಟುವಂತಿಲ್ಲ ಎಂಬ ನಂಬಿಕೆ ಬಲವಾಗಿತ್ತು. 1992ರಲ್ಲಿ ಮಹಿಳಾ ಸಂಘಟನೆಯೊಂದು ಹತ್ತು ಲಕ್ಷ ಸಹಿಗಳ ಅಭಿಯಾನ ಶುರುಮಾಡಿತು. ಕೆಲವು ಧರ್ಮಪಂಡಿತರು ಆ ಹೆಂಗಸರ ವಿರುದ್ಧ ಫತ್ವಾ ಹೊರಡಿಸಿದರು. 1993ರಲ್ಲಿ ದೊರೆ ಎರಡನೇ ಹಸನ್ ಕಾನೂನನ್ನು ತುಸುವೇ ಬದಲಿಸಿದರು. ಸಿಕ್ಕಿದ್ದು ಅತ್ಯಲ್ಪ, ಹೆಂಗಸರು ಆಗ ಬೇಸರಪಟ್ಟದ್ದೂ ನಿಜ. ಆದರೆ ಮುಟ್ಟಲಾಗದು ಎಂದಿದ್ದ ಗ್ರಂಥವನ್ನು ಒಮ್ಮೆ ಮುಟ್ಟಿದ ಮೇಲೆ ಅದು ಮನುಷ್ಯರು ಬರೆದ ಕಾನೂನು ಎಂಬುದು ಎಲ್ಲರಿಗೂ ತಿಳಿಯಿತು.

1999ರಲ್ಲಿ ಪ್ರಧಾನಿ ಅಬ್ದುರ್ರಹ್ಮಾನ್ ಯೂಸುಫಿ ಅವರ ಸರ್ಕಾರ ಮಹಿಳೆಯರಿಗಾಗಿ ವಿಸ್ತಾರವಾದ ಕಾರ್ಯಯೋಜನೆಯೊಂದನ್ನು ಮುಂದಿಟ್ಟಿತು. 2000ದ ಮಾರ್ಚ್ 12ರಂದು ಅದರ ಪರವಾಗಿ ರಬಾತ್‌ನಲ್ಲೂ ವಿರುದ್ಧವಾಗಿ ಕಾಸಾಬ್ಲಾಂಕಾದಲ್ಲೂ ಒಂದೇ ದಿನ ಎರಡು ಬೃಹತ್ ಮೆರವಣಿಗೆಗಳು ನಡೆದವು. ವಿರೋಧಿಗಳದ್ದೇ ದೊಡ್ಡದಾಗಿತ್ತು, ಅದರಲ್ಲಿ ಹೆಂಗಸರೂ ಬಹಳ ಮಂದಿ ಇದ್ದರು. ಸಂಪ್ರದಾಯ ಕುಸಿದರೆ ತಮಗಿರುವ ಅಲ್ಪ ಆಸರೆಯೂ ಹೋದೀತು ಎಂಬ ಭಯ ಬಡ ಹೆಂಗಸರಿಗೆ ಇರುವುದು ಸಹಜ. ಅವರನ್ನು ಅಜ್ಞಾನಿಗಳೆಂದು ಬದಿಗೆ ತಳ್ಳುವ ಸುಧಾರಕರನ್ನು ನಾನು ಒಪ್ಪುವುದಿಲ್ಲ. ಸರ್ಕಾರ ಹಿಂದೆ ಸರಿಯಿತು. 2001ರಲ್ಲಿ ಹೊಸ ದೊರೆ ಆರನೇ ಮೊಹಮ್ಮದ್ ಉಲಮಾಗಳು (ಧರ್ಮಪಂಡಿತರು), ಕಾನೂನು ತಜ್ಞರು, ಮಹಿಳೆಯರು ಇದ್ದ ಸಮಿತಿಯೊಂದನ್ನು ನೇಮಿಸಿದರು. ಎರಡೂವರೆ ವರ್ಷ ಅಲ್ಲಿ ನಡೆದ ವಾದ ಇಜ್ತಿಹಾದ್‌ನ ಮಾದರಿಯದ್ದು: ಮೂಲ ಗ್ರಂಥಗಳ ಆಶಯವನ್ನು ಹೊಸ ಕಾಲಕ್ಕೆ ಹೊಂದಿಸಿ ಅರ್ಥೈಸುವ ಹಳೆಯ ಶಾಸ್ತ್ರೀಯ ಕ್ರಮ. ಮಹಿಳಾ ಸಂಘಟನೆಗಳೂ ತಮ್ಮ ಬೇಡಿಕೆಗಳಿಗೆ ಧರ್ಮಶಾಸ್ತ್ರ, ಸಂವಿಧಾನ, ಸಮಾಜದ ಅಂಕಿ-ಅಂಶ, ಅಂತರರಾಷ್ಟ್ರೀಯ ಒಪ್ಪಂದ ಎಲ್ಲದರಿಂದಲೂ ಆಧಾರ ಕೊಟ್ಟವು. ನಡುವೆ 2003ರ ಮೇ ತಿಂಗಳಲ್ಲಿ ಕಾಸಾಬ್ಲಾಂಕಾದಲ್ಲಿ ನಡೆದ ಬಾಂಬ್ ದಾಳಿಗಳಿಂದ ಇಸ್ಲಾಮ್‌ವಾದಿ ಪಕ್ಷಗಳ ದನಿ ತಗ್ಗಿತ್ತು ಎಂಬುದನ್ನೂ ಮರೆಯಬಾರದು. 2004ರ ಫೆಬ್ರವರಿಯಲ್ಲಿ, ಅಂದರೆ ‘ಬೃಹತ್ ಮಧ್ಯಪ್ರಾಚ್ಯ’ ಯೋಜನೆಯ ಕರಡು ಪತ್ರಿಕೆಯಲ್ಲಿ ಬಂದ ಅದೇ ತಿಂಗಳು, ಸಂಸತ್ತು ಒಪ್ಪಿದ ಹೊಸ ಕುಟುಂಬ ಕಾನೂನು ಮೊರಾಕೊದಲ್ಲಿ ಜಾರಿಗೆ ಬಂತು. ಕುಟುಂಬದ ಹೊಣೆ ಗಂಡಹೆಂಡಿರಿಬ್ಬರದೂ ಆಯಿತು, ಮದುವೆಯ ವಯಸ್ಸು ಇಬ್ಬರಿಗೂ 18 ಆಯಿತು, ಪ್ರಾಯಕ್ಕೆ ಬಂದ ಹೆಣ್ಣಿಗೆ ವಲಿ ಕಡ್ಡಾಯವಲ್ಲ ಎಂದಾಯಿತು.

ಆ ಕಾನೂನಿನಲ್ಲಿ ಬಿಟ್ಟ ಒಂದು ಕಂಡಿಯಿಂದ ಬಹಳ ಹಾನಿಯಾಯಿತು. 18 ತುಂಬದವರ ಮದುವೆಗೆ ನ್ಯಾಯಾಧೀಶರು ವಿಶೇಷ ಅನುಮತಿ ಕೊಡಬಹುದಿತ್ತು. ಹಳ್ಳಿಗಳಲ್ಲಿ ಆ ವಿಶೇಷವೇ ವಾಡಿಕೆಯಾಗಿ ಪ್ರತಿವರ್ಷ ಸಾವಿರಾರು ಹುಡುಗಿಯರ ಮದುವೆ ನ್ಯಾಯಾಲಯದ ಮುದ್ರೆಯೊಂದಿಗೇ ನಡೆಯಿತು. ಸಂಘಟನೆಗಳು ಸುಮ್ಮನಾಗಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ದೊರೆ ಮತ್ತೆ ಪರಿಷ್ಕರಣೆಗೆ ಆದೇಶಿಸಿದರು, 2024ರ ಡಿಸೆಂಬರ್‌ನಲ್ಲಿ ಅದರ ಪ್ರಸ್ತಾವಗಳು ಹೊರಬಂದವು. ವಿನಾಯಿತಿ ಕೊಟ್ಟರೂ 17ಕ್ಕಿಂತ ಕೆಳಗಿಲ್ಲ ಎಂಬುದು ಒಂದು ಪ್ರಸ್ತಾವ. ಮದುವೆಯ ಹೊರಗೆ ಹುಟ್ಟಿದ ಮಗುವಿನ ತಂದೆಯನ್ನು ಡಿಎನ್ಎ ಪರೀಕ್ಷೆಯಿಂದ ನಿರ್ಧರಿಸುವ ಬೇಡಿಕೆಯನ್ನು ಉಲಮಾ ಪರಿಷತ್ತು ಒಪ್ಪಲಿಲ್ಲ. ಆ ತಾಯಂದಿರ ಪಾಲಿಗೆ ಇದು ಕಹಿಯೇ.

ಆದರೆ ಅವುಗಳ ನಡುವೆ ಇದ್ದ ಇನ್ನೊಂದು ಪ್ರಸ್ತಾವ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಮದುವೆಯಾದ ಮೇಲೆ ಸಂಸಾರ ಗಳಿಸಿದ ಆಸ್ತಿಯಲ್ಲಿ ಹೆಂಡತಿಯ ಮನೆಗೆಲಸವನ್ನೂ ಅವಳ ಕೊಡುಗೆಯೆಂದು ಎಣಿಸಬೇಕು ಎಂಬುದು ಅದು. ಇದನ್ನು ಪಶ್ಚಿಮದಿಂದ ತಂದ ವಿಚಾರ ಎಂದು ಯಾರಾದರೂ ಹೇಳಬಹುದು. ಆದರೆ ಮೊರಾಕೊದ ದಕ್ಷಿಣದ ಸೂಸ್ ಸೀಮೆಯ ಮೂಲನಿವಾಸಿಗಳಾದ ಅಮಾಝಿಗ್ ಜನರಲ್ಲಿ ‘ಕದ್ದ್ ಮತ್ತು ಸಿಆಯ’ ಎಂಬ ಹಳೆಯ ಪದ್ಧತಿಯಿದೆ. ದುಡಿಮೆ ಮತ್ತು ಪರಿಶ್ರಮದ ಹಕ್ಕು ಎಂದು ಅದರ ಅರ್ಥ. 16ನೇ ಶತಮಾನದಲ್ಲಿ ಉತ್ತರದ ಶಫ್ಶಾವನ್ ಊರಿನ ಖಾಜಿ ಇಬ್ನ್ ಅರ್ದೂನ್ ಅವರ ಮುಂದೆ ಇದೇ ಪ್ರಶ್ನೆ ಬಂದಿತ್ತು. ಗುಮಾರ ಬೆಟ್ಟಗಳಲ್ಲಿ ಹೆಂಗಸರು ಗಂಡಸರ ಜೊತೆ ಹೊಲದಲ್ಲಿ ಕಳೆ ಕೀಳುತ್ತಾರೆ, ಕೊಯ್ಲು ಮಾಡುತ್ತಾರೆ, ದನಕರು ನೋಡಿಕೊಳ್ಳುತ್ತಾರೆ. ಗಂಡ ಸತ್ತರೆ ಅಥವಾ ಬಿಟ್ಟರೆ ಅವರ ಗತಿಯೇನು? ಉಳಿದ ಪಂಡಿತರು ಏನೆನ್ನುತ್ತಾರೆಂದು ತಿಳಿದೂ, ಆ ಹೆಂಗಸರಿಗೆ ಬೆಳೆಯಲ್ಲಿ ಪಾಲಿದೆ ಎಂದು ಆ ಖಾಜಿ ತೀರ್ಪು ಬರೆದರು. ಮೊರಾಕೊದ ಮಹಿಳಾ ಸಂಘಟನೆಗಳು ಇಂದು ಅವರ ಹೆಸರನ್ನು ಎತ್ತಿ ಹೇಳುತ್ತವೆ.